ಮೂಗಿನ ನೇರಕ್ಕೆ

ಬ್ಯಾಲರ್‍ಯಾಟಿನ ಜುಲೈ ಚಳಿ. ಮರ್ವ್ ಟ್ರೆಜೈಸನ ಶೆಡ್ಡಿನಲ್ಲಿ
ಮೀನಿನ ತೊಟ್ಟಿಯ ಹೀಟರು
(ಮೀನು ಸತ್ತು ವರ್ಷವಾಯಿತು)
ಈಗ ಇಪ್ಪತ್ತಮೂರು ಲೀಟರು ಬಿಯರಿಗೆ
ಕೋಳಿಯ ಹಾಗೆ ಕಾವು ಕೊಡುತ್ತ ಕೂತಿದೆ.
ಡ್ರಮ್ಮಿನ ಮೇಲೆ ಹಳೇ ಕಂಬಳಿ. ಒಳಗೆ ಯೀಸ್ಟು
ಗುಳುಕ್ ಎನ್ನುತ್ತದೆ, ಸುಮ್ಮನಾಗುತ್ತದೆ.
ಏನೋ ನೆನಪಾದಂತೆ ಮತ್ತೆ
ಗುಳುಕ್.

ಐದನೇ ದಿನ. ಹಾಪ್ಸ್ ಹಾಕುವ ದಿನ.
ಗ್ಯಾಲಕ್ಸಿ ಅಂತ ಹೆಸರು.
ಆಕಾಶಗಂಗೆಯನ್ನು ಯಾರೋ ಅರೆದು
ದನದ ಹಿಂಡಿಯಂತೆ ಹಸಿರು ಗುಳಿಗೆ ಮಾಡಿ
ಬೆಳ್ಳಿ ಪೊಟ್ಟಣಕ್ಕೆ ತುಂಬಿದ್ದಾರೆ, ನೂರು ಗ್ರಾಂ.
ಮರ್ವ್ ಕತ್ತರಿ ಹಾಕಿದ.
ಶೆಡ್ಡು ಎರಡು ಪಕ್ಷವಾಯಿತು.

ನೊರೀನ್ ಬಾಗಿಲಲ್ಲೇ ನಿಂತು ಮೂಗು ಮುರಿದಳು:
"ಪಕ್ಕದ ಮನೆ ಬೆಕ್ಕು ಬಂದು ಹೋಯಿತಾ?"
ಅಂಚೆಯ ಡಾರಿಲ್‌ಗೆ ಅದು ಪ್ಯಾಷನ್ ಫ್ರೂಟು,
ಅಜ್ಜಿ ಬೇಲಿಗೆ ಹಬ್ಬಿಸಿದ್ದು,
ಬಿಳಿ ಅಂಗಿಗೆ ಕಲೆ ಬಿದ್ದು ಏಟು ತಿಂದದ್ದು ಸಮೇತ.
ಅವನ ಮಗಳಿಗೆ ಈರುಳ್ಳಿ. ಅಷ್ಟೇ. ಈರುಳ್ಳಿ.
ಶುರುವಾಯಿತು ನೋಡಿ:
ಪೀಚು, ಕಂಕುಳ ಬೆವರು, ಪೈನ್ ಮರದ ಅಂಟು,
ಫುಟಿ ಪಂದ್ಯಕ್ಕೂ ಇಲ್ಲದ ಜಗಳ,
ಎಲ್ಲರೂ ಅವರವರ ಮೂಗಿನ ನೇರಕ್ಕೆ.

ಮರ್ವನಿಗೆ ಮೂಗಿದೆ, ನೇರವಿಲ್ಲ.
ಎರಡು ವರ್ಷದ ಹಿಂದೆ ಬಂದ ಜ್ವರ
ಹೋಗುವಾಗ ವಾಸನೆಯನ್ನೆಲ್ಲ ಗಂಟು ಕಟ್ಟಿಕೊಂಡು ಹೋಯಿತು.
ಸೀದ ಬ್ರೆಡ್ಡು, ಸೋರುವ ಗ್ಯಾಸು, ನೊರೀನಳ ಸೋಪು
ಎಲ್ಲವೂ ಒಂದೇ ಈಗ: ಏನೂ ಇಲ್ಲ.
ನಾಲಗೆಗೆ ಕಹಿ ಉಳಿದಿದೆ. ಗುಳ್ಳೆಯ ಚುರುಕು ಉಳಿದಿದೆ.
ಅಷ್ಟೇ ಬಂಡವಾಳ,
ಮತ್ತೊಂದು ಥರ್ಮಾಮೀಟರು.

ಅದಕ್ಕೇ ನನ್ನನ್ನು ಕರೆಯುವುದು.
ಆಸ್ಪತ್ರೆಯಲ್ಲಿ ರಕ್ತ ತೆಗೆಯುವವಳು ನಾನು,
"ಏನೂ ನೋವಾಗಲ್ಲ" ಎಂದು
ದಿನಕ್ಕೆ ನಲವತ್ತು ಸಲ ಹೇಳುವವಳು.
ವಾಸಂತಿಯನ್ನು ಮೊಟಕು ಮಾಡಿ ಈ ಊರು
ವ್ಯಾಸ್ ಎಂದು ಕರೆಯುತ್ತದೆ. ಹಾಗಾಗಿ
ನಾನು ಹೇಳುವುದು, ಎದುರಿಗೆ
ಸೊಂಡಿಲು ಮುನಿಸಿಕೊಂಡ ಗಣಪ
ಪೆನ್ಸಿಲಿನ ತುದಿ ನೆಕ್ಕಿ ಬರೆದುಕೊಳ್ಳುವುದು.

"ಸೀಬೆ," ಎಂದೆ. "ಒಳಗೆ ಕೆಂಪಗಿರುವ ಜಾತಿ.
ಅಕ್ಕಿ ಡಬ್ಬದಲ್ಲಿ ಹೂತಿಟ್ಟು ಮೂರನೇ ದಿನ
ಮುಚ್ಚಳ ತೆಗೆದರೆ ಮುಖಕ್ಕೇ ಬರುತ್ತದಲ್ಲ, ಅದು.
ಆಮೇಲೆ ಸೊನೆ. ಮಾವಿನ ತೊಟ್ಟು ಮುರಿದಾಗ
ಚಿಮ್ಮುತ್ತದೆ. ತುಟಿಗೆ ತಾಗಿದರೆ ಸುಡುತ್ತದೆ."
"ಸುಡುತ್ತದೆ," ಬರೆದುಕೊಂಡ ಮರ್ವ್. "ಒಳ್ಳೇದು, ಒಳ್ಳೇದು."

ಸುಳ್ಳು.
ನನಗೂ ಈರುಳ್ಳಿಯೇ.
ನಿನ್ನೆ ಹೆಚ್ಚಿ ಫ್ರಿಜ್ಜಿನಲ್ಲಿ ಮುಚ್ಚದೆ ಬಿಟ್ಟದ್ದು,
ಮೇಲೆ ಯಾರೋ ಸೆಂಟು ಎರಚಿದ್ದು.
ಹಣ್ಣು ಇರಲಿಲ್ಲವೆನ್ನಲಾರೆ. ಇತ್ತು,
ಹಿಂದಿನ ಬೆಂಚಿನಲ್ಲಿ ಕೈಯೆತ್ತಿ ಕೂತ ಹುಡುಗನಂತೆ,
ಯಾರೂ ಕೇಳಲಿಲ್ಲ ಅಷ್ಟೇ.
ಆದರೆ ಸೀಬೆಯ ಮೇಲೆ ಪೆನ್ಸಿಲು ಓಡುವುದನ್ನು
ನೀವು ನೋಡಬೇಕಿತ್ತು.

ಬಾಟಲಿ ತೆರೆದದ್ದು ಆಗಸ್ಟಿನ ಕೊನೆಗೆ.
ಮುಚ್ಚಳ ಟಿಸ್ ಎಂದಿತು. ನೊರೆ ಚೆನ್ನಾಗಿ ನಿಂತಿತು.
ಗ್ಲಾಸು ಹುಡುಕಲು ಅವನು ಒಳಗೆ ಹೋದಾಗ
ಬೆಂಚಿನ ಮೇಲೆ ನೋಟ್‌ಬುಕ್ಕು ಬಾಯಿ ತೆರೆದು ಬಿದ್ದಿತ್ತು.
ಓದಿದೆ. ಓದಬಾರದಿತ್ತು.

*ನೊರೀನ್: ಬೆಕ್ಕು. ನಗುತ್ತಿದ್ದಳು.*
*ಡಾರಿಲ್: ಅಜ್ಜಿ.*
*ಹುಡುಗಿ: ಈರುಳ್ಳಿ. ನಂಬಬಹುದು.*
*ವ್ಯಾಸ್: ಸೀಬೆ, ಸುಡುವ ಹಾಲು. ಹುಬ್ಬು ಗಂಟಿಕ್ಕಿತ್ತು.*
*ಮುಂದಿನ ಸಲ ಅರವತ್ತು ಗ್ರಾಂ ಸಾಕು.*

ಗ್ಲಾಸು ಬಂತು. ಮೂಗಿಗಿಂತ ಮೂಗುತಿ ಭಾರ
ಎಂಬ ನಮ್ಮ ಗಾದೆಯನ್ನು ಅವನಿಗೆ ಹೇಳಿಕೊಟ್ಟೆ,
ತಪ್ಪೊಪ್ಪಿಗೆ ಎಂದುಕೊಳ್ಳಿ ಬೇಕಾದರೆ.
ಅವನು ತಲೆಯಾಡಿಸಿ
ನನ್ನ ಹುಬ್ಬನ್ನೇ ನೋಡುತ್ತ ಒಂದು ಗುಟುಕು ಕುಡಿದ.

ನೊರೀನ್ ಮಾತ್ರ ಗ್ಲಾಸು ಖಾಲಿ ಮಾಡಿ ಮತ್ತೆ ಚಾಚಿದಳು,
ಬೆಕ್ಕು ಇನ್ನೂ ಇದೆಯಾ ನೋಡಬೇಕಂತೆ.